ಕರೆಯದೆ ಬರಬೇಕಾದವಳನ್ನು ಕರೆದೆ

ಒಬ್ಬ ಅಪ್ಪನನ್ನೂ ಅವನ ಮಗಳನ್ನೂ ಕೂಡಿಸಲು ಹೋಗಿ ಕಾಯಂ ದೂರ ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಶಹಾಬಾದಿಗೆ ವಾಪಸ್ ಬಂದಮೇಲೆ ಈ ಸಂಗತಿಯನ್ನು ಬೇರೆ ಬೇರೆ ಕಡೆ ಬೇರೆ ಬೇರೆ ರೀತಿ ಹೇಳಿದ್ದೇನೆ. ಚಹಾದಂಗಡಿಯಲ್ಲಿ ಹೇಳುವಾಗ ತಪ್ಪು ಆ ದೇಶದ್ದಾಗುತ್ತದೆ. ಮನೆಯಲ್ಲಿ ಹೇಳುವಾಗ ಆ ಅಪ್ಪನದಾಗುತ್ತದೆ. ಬರೆಯಲು ಕೂತಾಗ ಮಾತ್ರ ಅದನ್ನು ಹೊರಿಸಲು ಎಲ್ಲೂ ಜಾಗ ಸಿಗುತ್ತಿಲ್ಲ.

ನಾನು ನೆಲಕ್ಕೆ ಕಲ್ಲು ಹಾಸುವವನು. ನಮ್ಮ ಕಡೆ ಫರ್ಸಿ ಕೆಲಸ ಅನ್ನುತ್ತಾರೆ. ಚಿತ್ತಾಪುರದಲ್ಲಿ ಬಿ.ಎ. ಮುಗಿಸಿ, ಸರ್ಕಾರಿ ನೌಕರಿಯ ಪರೀಕ್ಷೆಗಳನ್ನು ವಯಸ್ಸು ಮೀರುವ ತನಕ ಬರೆದು, ಕಡೆಗೆ ಅಪ್ಪನ ಕರಣಿಯನ್ನೇ ಕೈಗೆ ತೆಗೆದುಕೊಂಡೆ. ಸೇಡಂ, ವಾಡಿ, ಚಿಂಚೋಳಿ ಎಂದು ಸುತ್ತಾಡಿ ಗುಡಿಗೂ ಹಾಸಿದ್ದೇನೆ, ಮಸೀದಿಗೂ ಹಾಸಿದ್ದೇನೆ, ಮಠಕ್ಕೂ ಹಾಸಿದ್ದೇನೆ. ನಮ್ಮದು ಅಜ್ಜನ ಕಾಲದಲ್ಲೇ ಜಗಲಿಯ ದೇವರನ್ನು ಕೆಳಗಿಳಿಸಿ ಬುದ್ಧನ ಫೋಟೊ ಹಾಕಿದ ಮನೆ. ಆದರೂ ಈ ಸೀಮೆಯಲ್ಲಿ ನಾನು ಮೊಣಕಾಲೂರದ ದೇವರ ಮನೆ ಕಡಿಮೆ. ಭಕ್ತಿಗಲ್ಲ, ಲೆವೆಲ್ ನೋಡಲು.

ಹೈದರಾಬಾದಿನ ಒಬ್ಬ ಏಜೆಂಟನ ಮೂಲಕ ನಾವು ಐವರು ಸರ್ಬಿಯಾ ದೇಶಕ್ಕೆ ಹೋದೆವು. ಅದು ಎಲ್ಲಿದೆ ಎಂದು ಹೆಂಡತಿ ಕೇಳಿದಳು. ಯುರೋಪಿನಾಗ ಅಂದೆ. "ಲಂಡನ್ ಹತ್ರ ಏನ್ರಿ?" ಅಂದಳು. ಹೌದು ಅಂದೆ. ನನಗೂ ಗೊತ್ತಿರಲಿಲ್ಲ. ಎದುರಿನವರಿಗೆ ಸಮಾಧಾನವಾಗುವಂಥ ಮಾತು ನಾಲಿಗೆಗೆ ಬಂದರೆ ಅದು ಖರೆಯೋ ಸುಳ್ಳೋ ನೋಡದೆ ಆಡಿಬಿಡುವ ಚಾಳಿ ನನ್ನದು. ನಮ್ಮಲ್ಲಿ ಇದನ್ನು ಒಳ್ಳೆಯ ಗುಣ ಅಂತಲೇ ತಿಳಿಯುತ್ತಾರೆ.

ಒಂದು ಸಣ್ಣ ಪಟ್ಟಣದ ಅಂಚಿನಲ್ಲಿ ಹೊಸ ಚರ್ಚ್ ಏಳುತ್ತಿತ್ತು. ಅದರ ನೆಲ, ಮೆಟ್ಟಿಲು, ಅಂಗಳ ನಮ್ಮ ಪಾಲಿಗೆ ಬಂದ ಕೆಲಸ. ಗೇಟಿನ ಬಳಿ ದೊಡ್ಡದೊಂದು ಬ್ಯಾನರು, ಅದರಲ್ಲಿ ಆಳುವ ಪಕ್ಷದ ನಾಯಕ ನಗುತ್ತ ನಿಂತಿದ್ದ, ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗದಲ್ಲಿ ಸಂತ. ಕಟ್ಟಿಸುವವನ ಮುಖ ದೇವರಿಗಿಂತ ದೊಡ್ಡದಾಗಿರುವುದನ್ನು ನೋಡಿ ನನಗೆ ಪರದೇಶ ಅನ್ನಿಸಲೇ ಇಲ್ಲ. ಸುಲೇಪೇಟ ಕಡೆಯ ನನ್ನ ಜೊತೆಗಾರ ಟೋಪಿ ಕಿವಿಯ ಮೇಲೆ ಎಳೆದುಕೊಳ್ಳುತ್ತ, "ಇಷ್ಟ್ ದೂರ ಬಂದು ಮತ್ತ ಇದೇ ಬ್ಯಾನರ್ ನೋಡಬೇಕಾಯ್ತಲ್ಲೋ ಮಾರಾಯಾ" ಅಂದ.

ನಮಗೆ ಉಳಿಯಲು ಕೊಟ್ಟಿದ್ದು ಒಂದು ಮನೆಯ ಹಿಂಭಾಗದ ಎರಡು ಕೋಣೆ. ಮನೆಯ ಮಾಲಕ ಊರಿನ ಸಿಟಿ ಬಸ್ಸಿನ ಡ್ರೈವರ್. ಅರವತ್ತರ ಹತ್ತಿರ, ಗಟ್ಟಿ ಆಳು, ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ನಾವು ಅವನನ್ನು ಕಾಕಾ ಅನ್ನುತ್ತಿದ್ದೆವು. ಅರ್ಥ ಹೇಳಿದ ಮೇಲೆ ಅವನೂ ಆ ಹೆಸರಿಗೆ ಓಗೊಡುತ್ತಿದ್ದ. ಅವನ ಜೊತೆ ಒಬ್ಬಳೇ ಮಗಳು, ಮೂವತ್ತು ದಾಟಿದವಳು, ಊರಿನ ಶಾಲೆಯಲ್ಲಿ ಭೂಗೋಳ ಕಲಿಸುವ ಟೀಚರ್. ಕಲಬುರಗಿ ಎಲ್ಲಿ ಬರುತ್ತದೆ ಎಂದು ನಕಾಶೆಯಲ್ಲಿ ಬೆರಳಿಟ್ಟು ತೋರಿಸಿದ ಮೊದಲ ಬಿಳಿ ಹೆಂಗಸು ಅವಳೇ. ಕಾಗಿಣಾ ನದಿಯ ಹೆಸರು ಬರೆಸಿಕೊಂಡು ಎರಡು ಸಲ ಸರಿಯಾಗಿ ಉಚ್ಚರಿಸಿದಳು.

ಆ ದೇಶದ ಮಾತು ನನಗೆ ಕೈಕಾಲು ಮುರಿದುಕೊಂಡೇ ಬಂತು. ಅಪ್ಪನೊಡನೆ ಹರಕು ಮಾತು ಮತ್ತು ಫೋನಿನ ಅನುವಾದ, ಮಗಳೊಡನೆ ಹರಕು ಇಂಗ್ಲಿಷು. ಆದರೆ ನೆನಪಿನಲ್ಲಿ ಅವರಿಬ್ಬರೂ ನಮ್ಮೂರ ಮಾತನ್ನೇ ಆಡುತ್ತಾರೆ. ನಾನು ಹಾಗೇ ಬರೆಯುತ್ತೇನೆ.

ನಾವು ಹೋಗುವುದಕ್ಕೆ ಸ್ವಲ್ಪ ಮೊದಲು ಆ ದೇಶದ ಒಂದು ಶಹರದಲ್ಲಿ ರೈಲ್ವೆ ಸ್ಟೇಷನ್ನಿನ ಚಾವಣಿ ಕುಸಿದು ಕೆಳಗೆ ನಿಂತ ಜನ ಸತ್ತಿದ್ದರು. ಆಗಷ್ಟೇ ದುರಸ್ತಿ ಕಂಡ ಕಟ್ಟಡ. ವಾಡಿ, ಶಹಾಬಾದಿನಂಥ ಸಿಮೆಂಟಿನ ಊರಿನವರಿಗೆ ಇಂಥದ್ದು ಕೇಳಿದರೆ ಮೊದಲು ಬರುವ ಪ್ರಶ್ನೆ ಒಂದೇ: ಕಂತ್ರಾಟು ಯಾರದು? ಅಲ್ಲಿನ ವಿದ್ಯಾರ್ಥಿಗಳೂ ಅದನ್ನೇ ಕೇಳಿದರು. ಉತ್ತರ ಬರಲಿಲ್ಲ. ಅವರು ದಿನಾ ಒಂದು ಹೊತ್ತಿಗೆ ನಾಲ್ಕು ರಸ್ತೆ ಕೂಡುವ ಕಡೆ ಬಂದು, ಸತ್ತವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ನಿಮಿಷದಂತೆ, ತುಟಿ ಪಿಟಕ್ಕೆನ್ನದೆ ನಿಲ್ಲತೊಡಗಿದರು. ಘೋಷಣೆ ಇಲ್ಲ, ಕಲ್ಲು ಇಲ್ಲ. ನಮ್ಮೂರಲ್ಲಿ ಹೀಗೆ ಸುಮ್ಮನೆ ನಿಂತರೆ ಬಸ್ಸಿಗೆ ಕಾಯುತ್ತಿದ್ದಾರೆ ಅಂದುಕೊಂಡಾರು. ಅಲ್ಲಿ ಆ ಮೌನಕ್ಕೆ ಸರ್ಕಾರ ಹೆದರಿತು.

ಮಗಳು ಮೊದಲ ವಾರದಿಂದಲೇ ಹೋಗಿ ನಿಲ್ಲುತ್ತಿದ್ದಳು. ಅಪ್ಪ ಆಳುವ ಪಕ್ಷದ ಸದಸ್ಯತ್ವದ ಚೀಟಿ ಜೇಬಿನಲ್ಲಿಟ್ಟುಕೊಂಡವನು. ಆ ಚೀಟಿ ಇಲ್ಲದಿದ್ದರೆ ಬಸ್ ಡಿಪೋದಲ್ಲಿ ಉಳಿಗಾಲವಿರಲಿಲ್ಲ. ನಾಯಕನ ಸಭೆಗಳಿಗೆ ಬಸ್ಸುಗಟ್ಟಲೆ ಜನರನ್ನು ಒಯ್ಯುವುದೂ ಅವನ ಕೆಲಸವೇ. ಅಲ್ಲಿ ಹಂಚಿದ ತಿಂಡಿಯ ಪೊಟ್ಟಣ ತಂದು ನಮಗೆ ಕೊಡುತ್ತಿದ್ದ. ಊರಿನ ಪಾದ್ರಿ ಹೊಸ ಚರ್ಚಿನ ಕೆಲಸ ನೋಡಲು ಬಂದಾಗಲೆಲ್ಲ ರಸ್ತೆಯಲ್ಲಿ ನಿಲ್ಲುವ ಹುಡುಗರು ದೇಶದ್ರೋಹಿಗಳು, ಧರ್ಮ ಬಿಟ್ಟವರು ಎನ್ನುತ್ತಿದ್ದ. ಆ ಹುಡುಗರಲ್ಲಿ ಅರ್ಧ ಜನರ ಕೊರಳಲ್ಲಿ ಇದೇ ಶಿಲುಬೆ, ಕೆಲವರ ಕೈಯಲ್ಲಿ ಇದೇ ಸಂತರ ಪಟ. ಒಂದೇ ದೇವರನ್ನು ಎರಡೂ ಕಡೆಯವರು ಹಿಡಿದು ಎಳೆದಾಡುವುದನ್ನು ನಾನು ಕಂಡಿದ್ದು ಅಲ್ಲೇ ಮೊದಲಲ್ಲ. ನಮ್ಮ ಸೋದರ ಸಂಬಂಧಿಗಳಲ್ಲೇ ಇಬ್ಬರು ಬೈಕಿಗೆ ಯಾವ ಬಣ್ಣದ ಧ್ವಜ ಕಟ್ಟಬೇಕೆಂಬುದರ ಮೇಲೆ ಒಬ್ಬರ ಮಗಳ ಮದುವೆಗೆ ಇನ್ನೊಬ್ಬರು ಹೋಗಿಲ್ಲ.

ಅಷ್ಟಾದರೂ ಆ ಮನೆಯಲ್ಲಿ ಅಪ್ಪ ಮಗಳು ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ರಾಜಕೀಯ ಬಂದರೆ ಯಾರಾದರೂ ಒಬ್ಬರು ಎದ್ದು ತಟ್ಟೆ ತೊಳೆಯುತ್ತಿದ್ದರು, ಅಷ್ಟೆ.

ಮುರಿದದ್ದು ಒಂದು ಶನಿವಾರ ಮಧ್ಯಾಹ್ನ. ನಾನು ಪೇಟೆಗೆ ಹೋಗಲು ಕಾಕಾನ ಬಸ್ಸಿನಲ್ಲೇ ಕೂತಿದ್ದೆ. ಡ್ರೈವರ್ ಪಕ್ಕದ ಕಂಬ ಹಿಡಿದುಕೊಂಡು ಡಿಪೋದ ಮೇಲಧಿಕಾರಿ ನಿಂತಿದ್ದ. ಚೌಕದಲ್ಲಿ ಜನ ನಿಂತಿದ್ದರು, ಬಸ್ಸು ನಿಂತಿತು. ಕಾಕಾ ಇಂಜಿನ್ ಆಫ್ ಮಾಡಿ ಕೈ ತೊಡೆಯ ಮೇಲಿಟ್ಟುಕೊಂಡ. ಮುಂದಿನ ಸಾಲಿನಲ್ಲಿ, ಗಾಜಿನಾಚೆ ಹತ್ತು ಹೆಜ್ಜೆಗೆ, ಮಗಳು. ಕೈಯಲ್ಲೊಂದು ರಟ್ಟು, ಅದರ ಮೇಲೆ ಕೆಂಪು ಅಂಗೈಯ ಗುರುತು, ಸರ್ಕಾರದ ಕೈಗೆ ರಕ್ತ ಹತ್ತಿದೆ ಎಂದು. ಮೇಲಧಿಕಾರಿ ಬಗ್ಗಿ ಕಾಕಾನ ಕಿವಿಯಲ್ಲಿ ಏನೋ ಹೇಳಿದ. ಕಾಕಾ ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದ. ಅವನು ಮತ್ತೆ ಹೇಳಿದ, ಈ ಸಲ ಗಟ್ಟಿಯಾಗಿ. ಕಾಕಾ ಅಂಗೈ ಎತ್ತಿ ಹಾರ್ನಿನ ಮೇಲೆ ಇಟ್ಟ. ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಅಂಥ ಸದ್ದು ನಾನು ಕೇಳಿಲ್ಲ. ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಅದಕ್ಕಿಂತ ಜೋರಾಗಿ ದಿನವಿಡೀ ಬಾರಿಸುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಆದರೆ ಇದು ಬಿದ್ದದ್ದು ಆ ಮೌನದ ಮೇಲೆ. ಚೌಕದಲ್ಲಿ ನಿಂತವರೆಲ್ಲ ಬೆಚ್ಚಿ ತಿರುಗಿದರು. ಮಗಳು ಮಾತ್ರ ಮೊದಲೇ ಈ ಕಡೆ ಮುಖ ಮಾಡಿ ನಿಂತಿದ್ದಳು. ಅವಳು ಕಣ್ಣು ತೆಗೆಯಲಿಲ್ಲ. ಕಾಕಾ ಕೈ ತೆಗೆದ ಮೇಲೆ ಉಳಿದ ನಿಮಿಷಗಳು ಕಳೆದವು, ಜನ ದಾರಿ ಬಿಟ್ಟರು, ಬಸ್ಸು ಹೊರಟಿತು.

ಸಂಜೆ ಅವಳು ಬಟ್ಟೆ, ಪುಸ್ತಕ ತುಂಬಿಕೊಂಡಳು. ನಾನು ಹಿತ್ತಲ ಬಾಗಿಲಲ್ಲಿ ಬೂಟು ತೊಳೆಯುತ್ತಿದ್ದೆ. ಎಲ್ಲವೂ ಕೇಳಿಸುತ್ತಿತ್ತು.

"ನೀ ನನ್ನ ಮ್ಯಾಲ ಹಾರ್ನ್ ಹೊಡದಿದ್ದರ ನಾ ಸುಮ್ನಿರ್ತಿದ್ದೆ. ಸತ್ತವರ ಮ್ಯಾಲ ಹೊಡದಿ."

"ಅಂವ ಬಾಜೂಕೇ ನಿಂತಿದ್ದ. ನನ್ನ ನೌಕರಿ ಹೋಗ್ತಿತ್ತು."

"ಹೋಗ್ಬೇಕಿತ್ತು."

ಅವಳು ಶಾಲೆಯ ಹತ್ತಿರ ಒಂದು ಕೋಣೆ ಹಿಡಿದಳು. ಇಪ್ಪತ್ತು ನಿಮಿಷ ನಡೆದರೆ ಮುಟ್ಟುವ ಜಾಗ. ಒಬ್ಬರನ್ನೊಬ್ಬರು ನೋಡದೆ ತಿಂಗಳುಗಳು ಕಳೆದವು. ಕಾಕಾ ಆ ರಸ್ತೆಯ ಪಾಳಿಯನ್ನು ಇನ್ನೊಬ್ಬನಿಗೆ ಕೊಟ್ಟು ಬೇರೆ ರೂಟು ತೆಗೆದುಕೊಂಡ. ಮನೆಯಲ್ಲಿ ಎರಡು ತಟ್ಟೆ ಇಡುತ್ತಿದ್ದವನು ಮೊದಲು ಮರೆತು ಎರಡಿಟ್ಟ, ಆಮೇಲೆ ಒಂದೇ ಇಟ್ಟ, ಆಮೇಲೆ ನಮ್ಮ ಕೋಣೆಗೆ ಬಂದು ನಮ್ಮ ಜೊತೆ ಉಣ್ಣತೊಡಗಿದ. ನಮ್ಮ ಖಾರಕ್ಕೆ ಕಣ್ಣು ಮೂಗು ಒರೆಸಿಕೊಳ್ಳುತ್ತ, "ಇದು ಖಾರದ್ದು, ಅಳೋದಲ್ಲ" ಅನ್ನುತ್ತಿದ್ದ. ನಾವು ನಗುತ್ತಿದ್ದೆವು. ನಗಬಾರದಿತ್ತು.

ಚಳಿಗಾಲದಲ್ಲಿ ಅವರ ಸ್ಲಾವಾ ಬಂತು. ಅದು ಊರ ಹಬ್ಬವಲ್ಲ, ಮನೆತನದ ಹಬ್ಬ. ಪ್ರತಿ ಮನೆತನಕ್ಕೂ ಒಬ್ಬ ಸಂತ, ಆ ಸಂತನಿಗೊಂದು ದಿನ, ಅದು ಅಪ್ಪನಿಂದ ಮಗನಿಗೆ ಇಳಿದು ಬರುತ್ತದೆ. ಮಗನಿಲ್ಲದ ಮನೆಯಲ್ಲಿ ಮಗಳು ಹಿಡಿದರೆ ಉಂಟು, ಬಿಟ್ಟರೆ ಆ ಮನೆಗೆ ಅದು ಮುಗಿದಂತೆ. ಆ ದಿನ ಒಂದು ದಪ್ಪ ಮೇಣದಬತ್ತಿ ಹಚ್ಚುತ್ತಾರೆ, ಪಾದ್ರಿ ಬಂದು ರೊಟ್ಟಿ ಕೊಯ್ದು ಹರಸುತ್ತಾನೆ. ಗೋಧಿಯನ್ನು ಬೇಯಿಸಿ ಅಕ್ರೋಟು ಸಕ್ಕರೆ ಕಲಸಿ ಇಟ್ಟಿರುತ್ತಾರೆ, ಬಂದವರು ಮೊದಲು ಅದನ್ನೊಂದು ಚಮಚ ತಿಂದೇ ಒಳಗೆ ಬರಬೇಕು. ನಮ್ಮ ಗೋಧಿ ಹುಗ್ಗಿಗೆ ಬೆಲ್ಲದ ಬದಲು ಸಕ್ಕರೆ ಹಾಕಿ ಆರಲು ಬಿಟ್ಟರೆ ಹೇಗಿರುತ್ತದೋ ಹಾಗೆ. ಮನೆಯ ಯಜಮಾನ ಅಂದು ಕೂರುವಂತಿಲ್ಲ. ಬಂದವರಿಗೆ ಬಡಿಸುತ್ತ ದಿನವಿಡೀ ನಿಂತಿರಬೇಕು.

ಹಿಂದಿನ ವರ್ಷಗಳಲ್ಲಿ ಗೋಧಿ ಬೇಯಿಸುವುದು ಮಗಳ ಕೆಲಸವಾಗಿತ್ತಂತೆ. ಈ ಸಲ ಕಾಕಾ ಗೋಧಿಯ ಪಾತ್ರೆ ಹಿಡಿದು ನನ್ನ ಹತ್ತಿರ ಬಂದ. ಹಬ್ಬಕ್ಕೆ ಮೂರು ದಿನವಿತ್ತು. ನಾನು ಗೋಧಿ ಆರಿಸುತ್ತ ಕೇಳಿದೆ, "ಮಗಳಿಗೆ ಹೇಳಿ ಕಳಿಸಿದ್ರೇನು?"

ಕಾಕಾ ನನ್ನನ್ನು ವಿಚಿತ್ರವಾಗಿ ನೋಡಿದ. "ಸ್ಲಾವಾಕ್ಕ ಯಾರನ್ನೂ ಕರೀಬಾರ್ದು. ಯಾರ್ ಬರ್ಬೇಕೋ ಅವ್ರಿಗಿ ಗೊತ್ತಿರ್ತದ. ಗೊತ್ತಿದ್ದವ್ರು ಬರ್ತಾರ."

"ಆಕಿ ಸಿಟ್ಟಿನ್ಯಾಗ ಅದಾಳಲ್ರಿ. ಕರದ್ರ ಬರ್ತಾಳ."

"ಬಂದ್ರ ತಾನಾಗೇ ಬರ್ತಾಳ." ಅಷ್ಟು ಹೇಳಿ, ಗೋಧಿಯಲ್ಲಿ ಕೈಯಾಡಿಸುತ್ತ ಮತ್ತೆ ಅಂದ, "ಬರ್ತಾಳ. ಹೋದ ವರ್ಷ ತನಕ ಒಂದೂ ತಪ್ಪಿಸಿಲ್ಲ."

ನಾನು ಇದನ್ನು ಮೊಂಡುತನ ಅಂದುಕೊಂಡೆ. ಒಳಗೊಳಗೇ ಕರೆಯುವ ಆಸೆ ಇದೆ, ಮೀಸೆ ಅಡ್ಡ ಬರುತ್ತಿದೆ ಅಂದುಕೊಂಡೆ. ಯಾಕೆ ಹಾಗಂದುಕೊಂಡೆ ಎಂಬುದಕ್ಕೆ ನಮ್ಮ ಅಪ್ಪನ ಸಂಗತಿ ಹೇಳಬೇಕು. ಅಪ್ಪ ಸೇಡಂ ಕಡೆಯ ಗೌಡರೊಬ್ಬರ ವಾಡೆಗೆ ಫರ್ಸಿ ಹಾಸಿದ್ದ. ಗೃಹಪ್ರವೇಶದ ದಿನ, ನೆಲ ಹಾಸಿದವನು ನಾನೇ ಅಲ್ಲವೇ ಎಂದು ಒಗೆದ ಧೋತರ ಉಟ್ಟುಕೊಂಡು ಹೋದ. ಅವನು ಹಾಸಿದ ನೆಲದ ಮೇಲೆ ಅವನಿಗೆ ಜಾಗ ಸಿಗಲಿಲ್ಲ. ಎತ್ತಿನ ಕೊಟ್ಟಿಗೆಯ ಬದಿಗೆ ಎಲೆ ಹಾಕಿದರು. ಅಪ್ಪ ಎಲೆಗೆ ಕೈ ಹಚ್ಚದೆ ಎದ್ದು ಬಂದ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ಬಾಯಿಬಿಟ್ಟು, ಮನೆಗೆ ಬಂದು ಕರೆಯದವರ ಹೊಸ್ತಿಲು ತುಳಿಯಕೂಡದು. ನನ್ನ ತಂಗಿ ಚಿಮ್ಮನಚೋಡಕ್ಕೆ ಮದುವೆಯಾಗಿ ಹೋದವಳು, ಅವಳ ಮನೆಯ ಕಾರ್ಯಕ್ಕೂ ಬೀಗರು ಬಂದು ಕರೆದ ಮೇಲೆಯೇ ಅಪ್ಪ ಚಪ್ಪಲಿ ಹಾಕಿದ್ದು. ನನ್ನ ತಲೆಯಲ್ಲಿ ಕರೆ ಅಂದರೆ ಮರ್ಯಾದೆ. ಕರೆಯದಿರುವುದು ಅಂದರೆ ಕೊಟ್ಟಿಗೆ. ಕರೆಯದೆಯೇ ನಡೆದು ಬರುವ ಹಕ್ಕು ಅನ್ನುವುದೊಂದು ಇರುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಸುಲೇಪೇಟದ ಜೊತೆಗಾರನಿಗೆ ಹೇಳಿದೆ. ಅವನು ಒಲೆಯ ಮೇಲಿನಿಂದ ಕಣ್ಣೆತ್ತದೆ, "ಅವ್ರ ಮನಿ ಜಗಳದಾಗ ನೀ ಯಾಕ ತಲಿ ಹಾಕ್ತಿ? ಮುಚ್ಕೊಂಡು ಕಲ್ಲು ಹಾಸು" ಅಂದ. ಅವನ ಮಾತು ಕೇಳಿದ್ದರೆ ಈ ಬರಹ ಇರುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಶಾಲೆಗೆ ಹೋದೆ. ಸಿಮೆಂಟು ಮೆತ್ತಿದ ಬಟ್ಟೆಯಲ್ಲಿ ಕರೆಯಲು ಹೋಗಬಾರದೆಂದು ಒಗೆದ ಅಂಗಿ ಹಾಕಿಕೊಂಡಿದ್ದೆ. ಗೇಟಿನ ಹತ್ತಿರ ಅವಳು ಹೊರಗೆ ಬಂದಳು. ನನ್ನನ್ನು ನೋಡಿ ಮೊದಲು ಗಾಬರಿಯಾದಳು. "ಅಪ್ಪಗ ಏನರೆ ಆಯ್ತೇನು?"

"ಇಲ್ರಿ. ಆರಾಮ ಅದಾನ. ಸ್ಲಾವಾಕ್ಕ ಬರ್ಬೇಕಂತ ಕರದಾನ."

ಅವಳು ಅಲ್ಲೇ ನಿಂತಳು. "ಕರದಾನ?"

"ಹೂಂ."

"ನನ್ನ ಕರೀರಿ ಅಂತ ನಿಮ್ಮನ್ನ ಕಳಿಸ್ಯಾನ?"

"ಹೌದ್ರಿ. ತಪ್ಪದೇ ಬರ್ಬೇಕಂತ ಹೇಳ್ಯಾನ." ಈ ಕಡೆಯ ಮಾತು ನಾನು ಸೇರಿಸಿದ್ದು. ನಮ್ಮಲ್ಲಿ ಕರೆಯುವವರು ಹಾಗೆ ಒತ್ತಿ ಹೇಳದಿದ್ದರೆ ಕರೆ ಪೊಳ್ಳು ಅನ್ನಿಸುತ್ತದೆ.

ಅವಳ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ನಾನು ಅದನ್ನು ಬಿಗುಮಾನ ಕರಗುವ ಹೊತ್ತಿನ ಮುಜುಗರ ಎಂದು ಓದಿಕೊಂಡೆ. ಅವಳು ಬಹಳ ನಯವಾಗಿ, ಶಾಲೆಗೆ ಬಂದ ಪರಿಚಯವಿಲ್ಲದವರಿಗೆ ಹೇಳುವಂತೆ, ಉಪಕಾರವಾಯಿತು ಅಂದಳು. ನಾನು ದಾರಿಯುದ್ದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಂಡು ಬಂದೆ. ಆ ಸಂಜೆ ಹೆಂಡತಿಗೆ ಫೋನಿನಲ್ಲಿ ಹೇಳಿದೆ, ಒಂದು ಮನಿ ಕೂಡಿಸಾಕತ್ತೀನಿ ಅಂತ. ಆಕೆ, "ಛಲೋ ಮಾಡಿದ್ರಿ, ಪುಣ್ಯದ ಕೆಲ್ಸ" ಅಂದಳು.

ಹಬ್ಬದ ದಿನ ಬೆಳಿಗ್ಗೆ ಕಾಕಾ ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬತ್ತಿ ಹಚ್ಚಿದ. ಪಾದ್ರಿ ಬಂದ, ರೊಟ್ಟಿ ಕೊಯ್ದ, ಹೋದ. ನಾವು ಐವರೂ ಒಂದೊಂದು ಚಮಚ ಗೋಧಿ ತಿಂದು ಗೋಡೆಗೆ ಒತ್ತಿಕೊಂಡು ಕೂತೆವು. ಮೇಜಿನ ತುಂಬ ಮೀನು, ಬೀನ್ಸು, ಉಪ್ಪಿನಲ್ಲಿಟ್ಟ ಕೋಸು, ಮೂವತ್ತು ಜನಕ್ಕಾಗುವಷ್ಟು. ಕಾಕಾ ಹಿಂದಿನ ವರ್ಷಗಳ ಲೆಕ್ಕದಲ್ಲಿ ಮಾಡಿಸಿದ್ದ.

ಬಂದವರು ಡಿಪೋದ ನಾಲ್ಕೈದು ಜನ. ಅದರಲ್ಲಿ ಆ ಮೇಲಧಿಕಾರಿಯೂ ಒಬ್ಬ. ಓಣಿಯವರು ಬರಲಿಲ್ಲ. ಹಾರ್ನಿನ ಸಂಗತಿ ಎಲ್ಲರಿಗೂ ಗೊತ್ತಿತ್ತು. ಎದುರು ಮನೆಯವರು ಮೂವತ್ತು ವರ್ಷದಿಂದ ಬರುತ್ತಿದ್ದವರಂತೆ, ಅವತ್ತು ಪರದೆ ಎಳೆದುಕೊಂಡಿದ್ದರು. ಮೇಲಧಿಕಾರಿ ಚೆನ್ನಾಗಿ ಉಂಡ. ಕಾಕಾ ಅವನ ತಟ್ಟೆಗೆ ಮೀನು ಹಾಕುತ್ತ ಬಾಗಿಲ ಕಡೆ ನೋಡುತ್ತಿದ್ದ. ಅವನು ಕೂರುವಂತಿರಲಿಲ್ಲ. ಕಾಲು ಬದಲಿಸುತ್ತ ನಿಂತಿದ್ದ. ಗೇಟು ಗಾಳಿಗೆ ಅಲ್ಲಾಡಿದಾಗಲೆಲ್ಲ ಕೈಯಲ್ಲಿದ್ದುದನ್ನು ಕೆಳಗಿಟ್ಟು ಕೋಟು ಎಳೆದು ಸರಿಮಾಡಿಕೊಳ್ಳುತ್ತಿದ್ದ. ನಾನು ಒಳಗೊಳಗೆ ಧೈರ್ಯವಾಗಿದ್ದೆ. ಬಂದೇ ಬರುತ್ತಾಳೆ, ನಾನು ಕರೆದು ಬಂದಿದ್ದೇನೆ ಎಂದು.

ಡಿಪೋದವರು ಹೋದರು. ಸಂಜೆಯಾಯಿತು. ಕಾಕಾ ಪದ್ಧತಿಯಂತೆ ದ್ರಾಕ್ಷಾರಸದ ಹನಿ ಬಿಟ್ಟು ಬತ್ತಿ ಆರಿಸಿದ. ಆಮೇಲೆ, ಬೆಳಗಿನಿಂದ ಮೊದಲ ಸಲ, ಕುರ್ಚಿಯ ಮೇಲೆ ಕೂತ.

"ಹೋದ ವರ್ಷ ತನಕ ಸಿಟ್ಟಿದ್ರೂ ಬರ್ತಿದ್ಲು. ಒಮ್ಮೆ ಜ್ವರದಾಗ ಬಂದಿದ್ಲು" ಅಂದ. "ಇವತ್ತ ಬರ್ಲಿಲ್ಲ ಅಂದ್ರ ನಾ ಆಕಿಗಿ ಅಪ್ಪ ಅಲ್ಲ ಅಂತ ಆಯ್ತು."

ನಾನು ಆಗ ಬಾಯಿ ಬಿಡಬೇಕಿತ್ತು. ಕಾಕಾ, ನಾನೇ ಹೋಗಿ ಕರೆದೆ, ಏನೋ ಎಡವಟ್ಟಾಗಿದೆ ಅನ್ನಬೇಕಿತ್ತು. ಕೇಳದೆ ಅವನ ಹೆಸರಿನಲ್ಲಿ ಮಾತಾಡಿದ್ದಕ್ಕೆ ಬೈದಾನು ಎಂಬ ಹೆದರಿಕೆಗೆ, ಮನೆ ಬಿಡಿಸಿಯಾನು ಎಂಬ ಹೆದರಿಕೆಗೆ, ಸುಮ್ಮನಾದೆ. ಹಾರ್ನ್ ಒತ್ತಿದವನನ್ನು ಪುಕ್ಕಲ ಎಂದು ಮನಸ್ಸಿನಲ್ಲೇ ಎಷ್ಟು ಸಲ ಬೈದಿದ್ದೆ! ಉಳಿದ ಗೋಧಿಯನ್ನು ಅವನು ಹಕ್ಕಿಗಳಿಗೆ ಹಾಕಿದ.

ಆಮೇಲೆ ಅವನು ನಮ್ಮ ಕೋಣೆಗೆ ಉಣ್ಣಲು ಬರುವುದನ್ನೂ ಕಡಿಮೆ ಮಾಡಿದ. ಹಿಮ ಕರಗುವ ಮುಂಚೆ, ಒಂದು ಬೆಳಿಗ್ಗೆ, ಡಿಪೋದ ಕ್ಯಾಂಟೀನಿನಲ್ಲಿ ಪಾಳಿಗೆ ಕಾಯುತ್ತ ಕುರ್ಚಿಯಲ್ಲೇ ಹೋಗಿಬಿಟ್ಟ. ಎದೆನೋವು ಅಂದರು. ಕೈಯಲ್ಲಿ ಕಾಫಿಯ ಲೋಟವಿತ್ತಂತೆ. ನನಗೆ ಸುದ್ದಿ ಮುಟ್ಟಿದಾಗ ನಾನು ಚರ್ಚಿನ ಬಾಗಿಲ ಬಳಿಯ ಕೊನೆಯ ಸಾಲು ಹಾಸುತ್ತಿದ್ದೆ. ಕಲ್ಲು ಕೈಜಾರಿ ಮೂಲೆ ಒಡೆಯಿತು. ಹಿಂಡು ತಪ್ಪಿದ ದನದಂತೆ ಎಲ್ಲಿ ಹೋಗಬೇಕೆಂದು ತಿಳಿಯದೆ ಅಂಗಳದಲ್ಲಿ ಸುತ್ತಿದೆ.

ಮಣ್ಣಿಗೆ ಮಗಳು ಬಂದಳು. ಅದೇ ಪಾದ್ರಿ ಮಂತ್ರ ಹೇಳಿದ. ಪಕ್ಷದ ಕಚೇರಿಯಿಂದ ಹೂವಿನ ಚಕ್ರ ಬಂದಿತ್ತು, ಅದಕ್ಕೆ ಸುತ್ತಿದ್ದ ಪಕ್ಷದ ಹೆಸರಿನ ಪಟ್ಟಿಯನ್ನು ಅವಳು ಬಿಚ್ಚಿ ಮಡಚಿ ಆ ಮೇಲಧಿಕಾರಿಯ ಕೈಗೆ ಕೊಟ್ಟಳು. ಗದ್ದಲ ಮಾಡಲಿಲ್ಲ. ಅಳಲೂ ಇಲ್ಲ. ಚೌಕದಲ್ಲಿ ನಿಲ್ಲುತ್ತಿದ್ದಂತೆಯೇ ಗುಂಡಿಯ ಬಳಿ ನೆಟ್ಟಗೆ ನಿಂತಿದ್ದಳು. ಓಣಿಯವರು ಈಗ ಎಲ್ಲರೂ ಬಂದಿದ್ದರು. ಸತ್ತವನ ಮೇಲೆ ಮುನಿಸು ಮುಂದುವರಿಸುವುದು ಅಲ್ಲೂ ಚಂದ ಅಲ್ಲ. ಮಣ್ಣು ಹಾಕುವ ಮೊದಲು ನಮ್ಮ ಐವರ ಕೈಗೂ ಬೇಯಿಸಿದ ಗೋಧಿ ಕೊಟ್ಟರು. ಸಂತನಿಗೂ ಅದೇ, ಸಾವಿಗೂ ಅದೇ.

ನಲವತ್ತನೆಯ ದಿನಕ್ಕೆ ಮನೆಯಲ್ಲಿ ಊಟ ಹಾಕಿದಳು. ಬಂದವರು ಮಧ್ಯಾಹ್ನ ಮೂರಕ್ಕೆಲ್ಲ ಹೋದರು. ನಾವು ಮನೆ ಬಿಟ್ಟು ಸೈಟಿನ ತಗಡಿನ ಡಬ್ಬಿ ಕೋಣೆಗಳಿಗೆ ಹೋಗುವುದಿತ್ತು. ಜೊತೆಗಾರರು ಗಂಟುಮೂಟೆ ಹೊರುತ್ತಿದ್ದರು. ಅವಳು ನನ್ನನ್ನು ಕೂಗಿ, ಗೋಡೆಯಲ್ಲಿ ಎತ್ತರಕ್ಕಿದ್ದ ಸಂತನ ಪಟ ಇಳಿಸಿಕೊಡಿ ಅಂದಳು. ಸ್ಟೂಲು ಹತ್ತಿ ಇಳಿಸಿದೆ. ಮರದ ಹಲಗೆಯ ಮೇಲೆ ಬರೆದ ಹಳೆಯ ಪಟ, ಅವಳ ಮುತ್ತಜ್ಜನ ಕಾಲದ್ದು.

"ನೀವು ಹಾಸಾಕತ್ತೀರಲ್ಲ, ಆ ಚರ್ಚಿಗೆ ಕೊಟ್‌ಬಿಡ್ರಿ" ಅಂದಳು.

"ನೀವ್ ಇಟ್ಕೊಳ್ಳಾಂಗಿಲ್ಲೇನ್ರಿ? ಕಾಕಾ ಆದ್ಮ್ಯಾಲ ಸ್ಲಾವಾ ನೀವೇ ಹಿಡೀಬೇಕಲ್ಲ?"

"ಅದು ಮನಿಯವ್ರು ಹಿಡಿಯೋದು." ಅವಳು ಪಟದ ಧೂಳನ್ನು ತೋಳಿನಿಂದ ಒರೆಸುತ್ತಿದ್ದಳು. "ನಾ ಕರಿಸ್ಕೊಂಡಾಕಿ."

ನನಗೆ ಅರ್ಥವಾಗಲಿಲ್ಲ. ಅವಳು ಮಕ್ಕಳಿಗೆ ಪಾಠ ಹೇಳುವ ತಾಳ್ಮೆಯಲ್ಲೇ ಬಿಡಿಸಿ ಹೇಳಿದಳು. ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ. ನಮ್ಮವರು ಅಂದರೆ ಕರೆಯದೆ ಬರುವವರು. ಒಬ್ಬರನ್ನು ಕರೆದರೆ, ನೀನು ಹೊರಗಿನವನು, ನಿನಗೆ ಹೇಳಿದರೇ ತಿಳಿಯುವುದು ಎಂದ ಹಾಗೆ. "ನಾ ಆ ದಿನ ರಜಾ ಹಾಕಿದ್ದೆ. ಬರೋದೇ ಇತ್ತು. ಒಳಗ ಬಂದು, ಗೋಧಿ ತಿಂದು, ಏನೂ ಮಾತಾಡ್ದೆ ಪಾತ್ರೆ ತೊಳೀಬೇಕಂತ ಅನ್ಕೊಂಡಿದ್ದೆ. ಆಮ್ಯಾಲ ನೀವು ಬಂದ್ರಿ. ಸ್ವಂತ ಮಗಳ್ನ, ಬಾಡಿಗಿ ಮಂದಿ ಕೈಲೆ, ಕರೀಕಳಿಸ್ಯಾನ. ಅಷ್ಟಕ್ಕ ತಿಳೀತು, ನನ್ನ ಬಿಟ್ಟಾನ ಅಂತ."

ಪಟ ನನ್ನ ಕೈಯಲ್ಲಿತ್ತೋ ಅವಳ ಕೈಯಲ್ಲಿತ್ತೋ ನೆನಪಿಲ್ಲ. ಸುಮ್ಮನಿರಬಹುದಿತ್ತು. ಆದರೆ ನಲವತ್ತು ದಿನದಿಂದ ನನಗೆ ಅನ್ನ ಇಳಿಯುತ್ತಿರಲಿಲ್ಲ. ಕಾಕಾ ಬಾಗಿಲ ಕಡೆ ನೋಡುತ್ತ ನಿಂತದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಹೇಳಿಬಿಟ್ಟೆ.

"ಅಂವ ಕಳಿಸಿಲ್ರಿ. ನಾನೇ ಬಂದಿದ್ದೆ. ಕರೀಬಾರ್ದು ಅಂತ ಕಾಕಾ ಹೇಳಿದ್ದ. ತಾನಾಗೇ ಬರ್ತಾಳ ಅಂದಿದ್ದ. ನಾ ಸುಳ್ಳು ಹೇಳ್ದೆ."

ನನಗೆ ಬೈಗುಳ ಬೇಕಾಗಿತ್ತು, ಕೆನ್ನೆಗೆ ಬಾರಿಸಿದ್ದರೂ ಆಗುತ್ತಿತ್ತು. ಅವಳು ಕೇಳಿದ್ದು ಒಂದೇ.

"ಅವತ್ತ ಅಂವ ಕುಂತಿದ್ನೇನು?"

"ಇಲ್ರಿ. ಬತ್ತಿ ಆರೋ ತನಕ ನಿಂತಿದ್ದ. ಬಾಗಲ ಕಡಿ ನೋಡ್ತಿದ್ದ."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಮಣ್ಣಿನ ದಿನ ಬಾರದ ಅಳು ಈಗ ಬಂತು, ಸದ್ದಿಲ್ಲದೆ, ಮೈಯೆಲ್ಲ ಅಲುಗಿಸಿಕೊಂಡು. ಮುಖ ಒರೆಸಿಕೊಳ್ಳದೆಯೇ ಅಂದಳು:

"ಇದನ್ನ ನಂಗ್ಯಾಕ ಹೇಳಿದ್ರಿ? ಅಂವ ನನ್ನ ಬಿಟ್ಟಾನ ಅನ್ನೋ ಸಿಟ್ಟಿನ ಮ್ಯಾಲೇ ನಾ ನಿಂತಿದ್ದೆ. ಈಗ ಯಾತರ ಮ್ಯಾಲ ನಿಂದರ್ಲಿ?"

ಹೋಗ್ರಿ ಅಂದಳು. ಹೊರಗೆ ಬಂದು ಜೊತೆಗಾರರ ಕೂಡ ಗಂಟು ಹೊತ್ತು ನಡೆದೆ. ಎದೆಯ ಮೇಲಿನ ಕಲ್ಲು ಇಳಿದಿತ್ತು, ಅದು ಎಲ್ಲಿಗೆ ಹೋಗಿ ಕೂತಿತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸುಲೇಪೇಟದವನು ಹೊಸ ಜಾಗದಲ್ಲಿ ಒಲೆ ಹೂಡಿ ಅನ್ನ, ಖಾರಬ್ಯಾಳಿ ಮಾಡಿದ. ಆ ದಿನ ನಾನು ಹೊಟ್ಟೆತುಂಬ ಉಂಡೆ.